ನನ್ನಲ್ಲಿ ಎಷ್ಟಾಯ್ತು

ನನ್ನ ಹೆಸರಿನಲ್ಲಿ ಒಂದು ಗುಂಟೆ ಕಾಫಿ ತೋಟವೂ ಇಲ್ಲ. ಇರುವುದು ಚಿಕ್ಕಮಗಳೂರು ಪೇಟೆಯಲ್ಲಿ ಮೂವತ್ತು ನಲವತ್ತರ ಸೈಟು, ಅದರ ಮೇಲೊಂದು ಮನೆ, ಮನೆಯ ತಾರಸಿ ಮೇಲೆ ಮಳೆ ಅಳೆಯುವ ಒಂದು ರೈನ್ ಗೇಜ್.

ವಯಸ್ಸು 53. ಈ ವಯಸ್ಸಿಗೆ ಏನಾದರೂ ಒಂದು ಹುಚ್ಚು ಬೇಕು. ನನ್ನ ವಾರಿಗೆಯವರಲ್ಲಿ ಕೆಲವರು ವಾಕಿಂಗ್ ಹಿಡಿದರು, ಕೆಲವರು ಷೇರು ಹಿಡಿದರು. ಒಬ್ಬರು ಕೊಳಲು ಹಿಡಿದು, ಮನೆಯವರು ತಲೆ ಹಿಡಿದುಕೊಳ್ಳುವ ಹಾಗೆ ಮಾಡಿದರು. ನಾನು ಮಳೆ ಹಿಡಿದೆ.

ನಮ್ಮ ಕಡೆ ಮಳೆ ಅಂದರೆ ಲೆಕ್ಕ. 'ಜೋರು ಮಳೆ ಬಂತು' ಅಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. 'ಒಂದು ಇಂಚು ಇಪ್ಪತ್ತು ಸೆಂಟು' ಅನ್ನಬೇಕು. ಸರ್ಕಾರದ ಮಳೆ ಮಿಲಿಮೀಟರಿನಲ್ಲಿ ಬಿದ್ದರೂ ತೋಟದವರ ಮಳೆ ಇನ್ನೂ ಇಂಚಿನಲ್ಲೇ ಬೀಳುತ್ತದೆ. ಒಂದು ಇಂಚು ಅಂದರೆ 25.4 ಮಿಲಿಮೀಟರ್, ಅದನ್ನು ನೂರು ಭಾಗ ಮಾಡಿದರೆ ಒಂದು ಸೆಂಟು. ಮದುವೆ ಊಟಕ್ಕೆ ಎಲೆ ಮುಂದೆ ಕೂತರೆ ಪಕ್ಕದವರ ಮೊದಲ ಪ್ರಶ್ನೆಯೇ 'ನಿಮ್ಮಲ್ಲಿ ಎಷ್ಟಾಯ್ತು?' ನಾನು ಎಷ್ಟೋ ವರ್ಷ 'ಪರವಾಗಿಲ್ಲ, ಬಂತು' ಅಂದು ತಲೆ ತಗ್ಗಿಸಿ ಸಾರನ್ನ ಕಲಸಿಕೊಂಡವನು. ಈಗ 'ನಲವತ್ತೆರಡು ಸೆಂಟು' ಅನ್ನುತ್ತೇನೆ. ಎದುರು ಸಾಲಿನವರೂ ತಿರುಗಿ ನೋಡುತ್ತಾರೆ.

ದಿನಾ ಬೆಳಿಗ್ಗೆ ಎಂಟೂವರೆಗೆ ಲುಂಗಿ ಎತ್ತಿ ಕಟ್ಟಿ ತಾರಸಿ ಹತ್ತುತ್ತೇನೆ. ಗೇಜಿನೊಳಗಿನ ಬಾಟಲಿಯ ನೀರನ್ನು ಅಳತೆ ಗ್ಲಾಸಿಗೆ ಸುರಿದು ಕಣ್ಣಿನ ಮಟ್ಟಕ್ಕೆ ಹಿಡಿಯಬೇಕು. ನೀರು ಗ್ಲಾಸಿನ ಅಂಚಿಗೆ ಅಂಟಿ ಚೂರು ಮೇಲೇರಿರುತ್ತದೆ. ಅದನ್ನು ನಂಬಬಾರದು, ನಡುವಿನ ತಗ್ಗನ್ನು ಓದಬೇಕು. ಚಾಳೀಸು ಬಂದವನಿಗೆ ಇದು ಸುಲಭವಲ್ಲ. ಕನ್ನಡಕ ಕೆಳಗೆ ಮರೆತು ಬಂದ ದಿನ ಎರಡು ಮೂರು ಸೆಂಟು ಜಾಸ್ತಿಯೇ ಬಿದ್ದಿರುತ್ತದೆ. ಕಡಿಮೆ ಬಿದ್ದದ್ದು ಮಾತ್ರ ಯಾವತ್ತೂ ಇಲ್ಲ.

ಮಳೆ ಇಲ್ಲದ ತಿಂಗಳುಗಳಿಗೆ ಅಂತ ಕೆಲವು ಅಭಿಪ್ರಾಯಗಳನ್ನು ಇಟ್ಟುಕೊಂಡಿದ್ದೇನೆ. ಮುಖ್ಯವಾದದ್ದು ಕಾಫಿಪುಡಿಗೆ ಚಿಕೋರಿ ಬೇರಿನ ಪುಡಿ ಬೆರೆಸಬಾರದು ಅನ್ನುವುದು. ಬಾಬಾಬುಡನ್ ಯೆಮೆನ್‌ನಿಂದ ಏಳು ಕಾಫಿ ಬೀಜ ತಂದರು ಅನ್ನುವುದು ನಮ್ಮೂರಿನ ಪ್ರತೀತಿ. ಎಂಟನೆಯದಾಗಿ ಚಿಕೋರಿ ತಂದರು ಅಂತ ಯಾರೂ ಹೇಳಿಲ್ಲ, ಅಲ್ವಾ? ಬಂದ ನೆಂಟರಿಗೆಲ್ಲ ಇದನ್ನು ಹೇಳಿ, ಮನೆಯ ಲೋಟ ಎತ್ತಿ ತೋರಿಸಿ 'ಇದು ಅಪ್ಪಟ' ಅನ್ನುತ್ತಿದ್ದೆ. ಒಂದು ದಿನ ಪುಡಿ ಅಂಗಡಿಯವರು ನನ್ನನ್ನು ಕಂಡವರೇ 'ಅಮ್ಮಾವ್ರಿಗೆ ಕೊಡೋ ಹಾಗೇ ಎಂಬತ್ತು ಇಪ್ಪತ್ತು ಅಲ್ವಾ ಸಾರ್?' ಅಂದರು. ಆ ಅಭಿಪ್ರಾಯವನ್ನು ಈಗ ಮನೆಯಿಂದ ಹೊರಗೆ ಮಾತ್ರ ಹೇಳುತ್ತೇನೆ. ಇನ್ನು 1,930 ಮೀಟರಿನ ಮುಳ್ಳಯ್ಯನಗಿರಿಯನ್ನು ಹೇಗೆ ಹತ್ತಬೇಕು ಅಂತ ಬೆಂಗಳೂರಿನವರಿಗೆ ವಿವರವಾಗಿ ಹೇಳಿಕೊಡುತ್ತೇನೆ. ನಾನು ಕೊನೆಯ ಸಲ ಹತ್ತಿದಾಗ ಮಗಳು ಎರಡನೇ ಕ್ಲಾಸು. ಈಗ ಅವಳು ಎಂಜಿನಿಯರಿಂಗ್.

ಹೋದ ಮಾರ್ಚಿನ ಕಥೆ ಹೇಳಿಬಿಡುತ್ತೇನೆ, ಹೇಗೂ ನೆಂಟರಿಗೆಲ್ಲ ಗೊತ್ತಾಗಿದೆ. ಮಾರ್ಚಿನಲ್ಲಿ ತೋಟದವರೆಲ್ಲ ಕಾಫಿ ಗಿಡದಲ್ಲಿ ಹೂ ಅರಳಿಸುವ ಹೂಮಳೆಗೆ ಕಾಯುತ್ತಿರುತ್ತಾರೆ. ಹದವಾಗಿ ಒಂದು ಇಂಚು ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬಿಳಿ, ಮಲ್ಲಿಗೆಯಂಥ ವಾಸನೆ. ಬಾರದಿದ್ದರೆ ರೊಬಸ್ಟಾ ಜಾತಿಯ ಕಾಫಿ ಇರುವವರು ಡೀಸೆಲ್ ಸುಟ್ಟು ಸ್ಪ್ರಿಂಕ್ಲರ್ ಹೊಡೆಯಬೇಕು. ಆಲ್ದೂರಿನ ಹತ್ತಿರ ನನ್ನ ಭಾವಮೈದನ ತೋಟವಿದೆ. ಅವತ್ತು ಅವನೂ ಪೈಪು ಜೋಡಿಸಿಕೊಂಡು ನಿಂತಿದ್ದ.

ನಾನು ಎಂಟೂವರೆಗೆ ತಾರಸಿ ಹತ್ತಿದೆ. ನೆಲವೆಲ್ಲ ಒದ್ದೆ. ಗ್ಲಾಸಿಗೆ ಸುರಿದರೆ 85 ಸೆಂಟು! ರಾತ್ರಿ ಇಷ್ಟು ಮಳೆ ಬಂದರೂ ಎಚ್ಚರವಾಗಲಿಲ್ಲವಲ್ಲ, ಎಂಥ ನಿದ್ದೆ ನನ್ನದು ಅಂದುಕೊಂಡೆ. ಅಲ್ಲಿಂದಲೇ ಫೋನು ಹಚ್ಚಿದೆ. ಅವನು 'ನಮ್ಮಲ್ಲಿ ಹನಿಯೂ ಇಲ್ಲ ಭಾವ. ಪೇಟೆಗೇ ಅಷ್ಟು ಬಂದಿದೆ ಅಂದ್ರೆ ಸಂಜೆ ಒಳಗೆ ನಮಗೂ ಬಂದೇ ಬರುತ್ತೆ' ಅಂದು ಎಂಜಿನ್ ಆಫ್ ಮಾಡಿಸಿದ. ನಾನು ಇನ್ನೂ ನಾಲ್ಕು ಜನಕ್ಕೆ ಹೇಳಿದೆ. ಡೈರಿಯಲ್ಲಿ ಬರೆದೆ, ಪೆನ್ನಿನಲ್ಲೇ.

ಕೆಳಗಿಳಿದು ಬಂದಾಗ ಹೆಂಡತಿ ಒಗ್ಗರಣೆಗೆ ಈರುಳ್ಳಿ ಹೆಚ್ಚುತ್ತಿದ್ದಳು. 'ರೀ, ರಾತ್ರಿ ಮೋಟರ್ ಹಾಕಿ ಫೋನ್ ಹಿಡ್ಕೊಂಡು ಕೂತ್ರಲ್ಲ, ಟ್ಯಾಂಕ್ ತುಂಬಿ ತಾರಸಿಯೆಲ್ಲ ಸುರಿದು ಹೋಯ್ತು. ನಾನೇ ಎದ್ದು ಆಫ್ ಮಾಡಿದೆ.'

ಬಾಗಿಲಾಚೆ ನೋಡಿದೆ. ರಸ್ತೆಯಲ್ಲಿ ಧೂಳು. ಟ್ಯಾಂಕಿನ ಓವರ್‌ಫ್ಲೋ ಪೈಪಿಗೂ ನನ್ನ ರೈನ್ ಗೇಜಿಗೂ ಇದ್ದದ್ದು ಒಂದು ಮೊಳ ದೂರ. ಅಂದಹಾಗೆ, ರಾತ್ರಿ ಫೋನಿನಲ್ಲಿ ನಾನು ಒಬ್ಬರಿಗೆ ತಿಳಿಹೇಳುತ್ತಿದ್ದದ್ದು ನೀರು ಹೇಗೆ ಉಳಿಸಬೇಕು ಅನ್ನುವುದನ್ನು.

ಭಾವಮೈದ ಸಂಜೆವರೆಗೂ ಆಕಾಶ ನೋಡಿ, ಮಾರನೇ ದಿನ ಬೆಳಿಗ್ಗೆ ಎಂಜಿನ್ ಶುರು ಮಾಡಿದ. ಪಾಪ, ಬೈಯಲಿಲ್ಲ. ನಾನು ಗೇಜನ್ನು ತಾರಸಿಯ ಇನ್ನೊಂದು ಮೂಲೆಗೆ ಒಯ್ದು ಇಟ್ಟೆ. ಡೈರಿಯಲ್ಲಿ ಮಾತ್ರ ಆ 85ನ್ನು ಹೊಡೆದು ಹಾಕಲು ಮನಸ್ಸು ಬರಲಿಲ್ಲ. ವರ್ಷದ ಮೊತ್ತಕ್ಕೆ ಇರಲಿ ಅಂತ ಹಾಗೇ ಬಿಟ್ಟಿದ್ದೇನೆ.

ಈಗಲೂ ಬೆಳಿಗ್ಗೆ ಫೋನು ಮಾಡಿ ಎಷ್ಟು ಸೆಂಟು ಅಂತ ಹೇಳುತ್ತೇನೆ. ಅವನು ಪೂರ್ತಿ ಕೇಳಿಸಿಕೊಂಡು, ಬಹಳ ಮರ್ಯಾದೆಯಿಂದ ಕೇಳುತ್ತಾನೆ: 'ಭಾವ, ಮಳೆನೋ, ಮೋಟರೋ?'