ತಾತನ ಹೆಸರಿನ ಬಿಸಿಲು

ನಮ್ಮ ಮನೆಯ ತಾರಸಿ ಮೇಲೆ ಆರು ಸೋಲಾರ್ ಪ್ಯಾನೆಲ್ ಬಂದು ಕೂತಿವೆ. ಒಂದೊಂದೂ 540 ವಾಟ್. ಜೊತೆಗೊಂದು ಪ್ಲಾಸ್ಟಿಕ್ ಫೈಲು, ಅದರ ತುಂಬ ಸರ್ಟಿಫಿಕೇಟು. ಎಸ್ಸೆಸ್ಸೆಲ್ಸಿಯಿಂದ ಡಿಗ್ರಿವರೆಗಿನ ನನ್ನ ಮಾರ್ಕ್ಸ್ ಕಾರ್ಡುಗಳನ್ನೆಲ್ಲ ಒಟ್ಟಿಗೆ ಪೇರಿಸಿದರೂ ಅಷ್ಟು ದಪ್ಪ ಆಗಲಿಕ್ಕಿಲ್ಲ. ಫಿಟ್ಟಿಂಗಿಗೆ ಬಂದಿದ್ದ ಹುಡುಗ ಅದನ್ನು ಮಂಗಳಾರತಿ ತಟ್ಟೆಯ ಹಾಗೆ ಎರಡೂ ಕೈಯಲ್ಲಿ ಹಿಡಿದು ಕೊಟ್ಟು, "ಇನ್ನು ಇಪ್ಪತ್ತೈದು ವರ್ಷ ತಲೆ ಕೆಡಿಸ್ಕೊಳ್ಳೋ ಹಾಗಿಲ್ಲ ಸರ್" ಅಂದ. ಅವನಿಗೇ ಇನ್ನೂ ಇಪ್ಪತ್ತೈದು ತುಂಬಿದ ಹಾಗೆ ಕಾಣಲಿಲ್ಲ.

ಅವನು ಹೋದ ಮೇಲೆ ಫೈಲು ಬಿಚ್ಚಿ ಓದುತ್ತಾ ಕೂತೆ. ಕೆಲಸವಿಲ್ಲದ ಬಡಗಿ ಏನು ಕೆತ್ತಿದ ಅನ್ನೋದು ನಿಮಗೆ ಗೊತ್ತೇ ಇದೆ.

ವಿದ್ಯುತ್ ಸಾಮಾನುಗಳಿಗೆ ಮಾನದಂಡ ಬರೆಯುವ ಐಇಸಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯದ್ದು, ಐಇಸಿ 61215 ಅಂತ ಒಂದು ಪರೀಕ್ಷೆ. ಮೊದಲ ಆವೃತ್ತಿ 1993ರದ್ದು. ಅದನ್ನೇ ನಮ್ಮ ದೇಶದ ಮಾನದಂಡ ಸಂಸ್ಥೆ ಬಿಐಎಸ್‌ನವರು ಐಎಸ್ 14286 ಎಂದು ಮರುನಾಮಕರಣ ಮಾಡಿ ದತ್ತು ತೆಗೆದುಕೊಂಡಿದ್ದಾರೆ. ಪ್ಯಾನೆಲ್ಲನ್ನು ಬೀರುವಿನಂಥ ಪೆಟ್ಟಿಗೆಯೊಳಗೆ ನಿಲ್ಲಿಸಿ ಮೈನಸ್ 40 ಡಿಗ್ರಿಗೆ ಇಳಿಸುತ್ತಾರೆ, ಅಲ್ಲಿಂದ 85ಕ್ಕೆ ಏರಿಸುತ್ತಾರೆ, ಮತ್ತೆ ಇಳಿಸುತ್ತಾರೆ. ಹೀಗೆ 200 ಸಲ. ನಮ್ಮ ಕಡೆ 12 ಡಿಗ್ರಿಗೆ ಇಳಿದರೆ ಮಂಕಿ ಕ್ಯಾಪ್ ಹಾಕಿಕೊಂಡು ಬೆಂಕಿ ಕಾಯಿಸುವವರ ಫೋಟೋ ಪೇಪರಿನ ಮುಖಪುಟಕ್ಕೆ ಬರುತ್ತದೆ. ಇನ್ನೊಂದು ಪ್ಯಾನೆಲ್ಲಿಗೆ 85 ಡಿಗ್ರಿ ಶಾಖ, ಶೇ. 85 ತೇವ, 1000 ಗಂಟೆ. ಇಡ್ಲಿಗೆ ಹತ್ತು ಹನ್ನೆರಡು ನಿಮಿಷ ಸಾಕು. ಇಷ್ಟು ಬೆಂದು, ಹೆಪ್ಪುಗಟ್ಟಿ ಹೊರಗೆ ಬಂದಾಗ ವಾಟ್ ಶೇ. 5ಕ್ಕಿಂತ ಹೆಚ್ಚು ಕರಗಿರಬಾರದು. ನಮಗೆಲ್ಲ ಮೂವತ್ತೈದಕ್ಕೆ ಪಾಸು ಕೊಟ್ಟ ದೇಶದಲ್ಲಿ ಗಾಜಿನ ಹಲಗೆಗೆ ತೊಂಬತ್ತೈದು.

ಲೆಕ್ಕ ಹಾಕಿದೆ. 1000 ಗಂಟೆ ಅಂದರೆ 42 ದಿನವೂ ತುಂಬುವುದಿಲ್ಲ. ಬಾಣಂತನಕ್ಕೂ ಅದಕ್ಕಿಂತ ಹೆಚ್ಚು ದಿನ ಬೇಕು. ಅಷ್ಟು ದಿನ ಹಬೆಯಲ್ಲಿ ಕೂತೆದ್ದ ಪ್ಯಾನೆಲ್ಲಿನ ಹೆಸರಿನಲ್ಲಿ 25 ವರ್ಷದ ವಾರಂಟಿ ಬರೆದುಕೊಡುತ್ತಾರೆ. ಮಾನದಂಡ ಬರೆದವರನ್ನು ಬೈಯುವ ಹಾಗಿಲ್ಲ. ಪ್ಯಾನೆಲ್ಲಿನ ನಿಜವಾದ ಆಯುಸ್ಸು ಅದರ ವಿನ್ಯಾಸ, ಅದು ನಿಂತ ಜಾಗ, ಅದನ್ನು ಬಳಸುವ ರೀತಿಯನ್ನು ಅವಲಂಬಿಸಿರುತ್ತದೆ ಎಂದು ಅವರು ಮೊದಲಲ್ಲೇ ಹೇಳಿಬಿಟ್ಟಿದ್ದಾರೆ. ಆ ಪುಟ ಮಾತ್ರ ನನ್ನ ಫೈಲಿನಲ್ಲಿ ಇರಲಿಲ್ಲ.

ನನಗೆ ಬಹಳ ಹಿಡಿಸಿದ್ದು ಇನ್ನೊಂದು ಸಂಗತಿ. ಪರೀಕ್ಷೆ ಬರೆದದ್ದು ನನ್ನ ತಾರಸಿಯ ಆರರಲ್ಲಿ ಒಂದೂ ಅಲ್ಲ. ಅವುಗಳ ಅಣ್ಣಂದಿರು. ಒಂದು ಮಾಡೆಲ್ಲಿಗೆ ಹತ್ತರ ಆಸುಪಾಸು ಪ್ಯಾನೆಲ್ ಲ್ಯಾಬಿಗೆ ಹೋಗುತ್ತವೆ. ಅವು ಪಾಸಾದರೆ ಆ ಮಾಡೆಲ್ಲೇ ಪಾಸು. ಆಮೇಲೆ ಕಾರ್ಖಾನೆಯಲ್ಲಿ ಹುಟ್ಟುವ ಲಕ್ಷಾಂತರ ತಮ್ಮಂದಿರಿಗೆಲ್ಲ ಅದೇ ಮಾರ್ಕ್ಸ್ ಕಾರ್ಡು. ನನಗೂ ಒಬ್ಬ ಅಣ್ಣ ಇದ್ದಾನೆ, ರ‍್ಯಾಂಕ್ ಸ್ಟೂಡೆಂಟು. ಈ ಪದ್ಧತಿ 61215ಕ್ಕೆ ಮೊದಲೇ ಶಿಕ್ಷಣ ಇಲಾಖೆಗೆ ಹೊಳೆದಿದ್ದರೆ ನನ್ನ ಬದುಕೇ ಬೇರೆ ಇರುತ್ತಿತ್ತು. ಲ್ಯಾಬಿಗೆ ಕಳಿಸುವ ಪ್ಯಾನೆಲ್ಲನ್ನು ತಯಾರಾದ ರಾಶಿಯಿಂದ ಕಣ್ಣುಮುಚ್ಚಿ ಆರಿಸಬೇಕಂತೆ. ಹೆಣ್ಣು ನೋಡಲು ಬಂದವರಿಗೆ ಉಪ್ಪಿಟ್ಟು ಬಡಿಸುವಾಗ ನಮ್ಮ ಅಜ್ಜಿಯೂ ಹೀಗೇ ಕಣ್ಣುಮುಚ್ಚಿ ಸೌಟು ಹಾಕುತ್ತಿದ್ದಳು. ಪ್ರತಿಸಲವೂ ಗೋಡಂಬಿ ಮಾತ್ರ ತಪ್ಪದೆ ಬೀಳುತ್ತಿತ್ತು. ಮುಂದೆ ಗಾಜು, ಅಂಟು, ಹಿಂಬದಿ ಹಾಳೆ, ಏನೇ ಬದಲಾದರೂ ಮತ್ತೆ ಪರೀಕ್ಷೆಗೆ ಕೂರಬೇಕು ಅಂತ ನಿಯಮವೂ ಇದೆ. ತಾರಸಿ ಮೇಲಿನ ಪ್ಯಾನೆಲ್ಲಿನ ಬೆನ್ನು ತಡವಿ ಯಾವ ಹಾಳೆ ಅಂತ ಹೇಳಬಲ್ಲ ಗಿರಾಕಿ ಯಾರಾದರೂ ಇದ್ದರೆ ದಯವಿಟ್ಟು ಒಮ್ಮೆ ನಮ್ಮ ಮನೆಗೆ ಬನ್ನಿ, ಕಾಫಿ ಕೊಡುತ್ತೇನೆ.

ಇನ್ನು ಆ 540. ಕತ್ತಲೆ ಕೋಣೆಯಲ್ಲಿ ಪ್ಯಾನೆಲ್ಲಿನ ಎದುರು ಒಂದು ದೀಪ ಫಳ್ ಅನ್ನುತ್ತದೆ, ಕೆಲವೇ ಮಿಲಿಸೆಕೆಂಡು. ಚದರ ಮೀಟರಿಗೆ 1000 ವಾಟ್ ಬೆಳಕು, ಸೆಲ್ಲಿನ ಮೈ 25 ಡಿಗ್ರಿ. ಗಾಳಿಯ ಬಿಸಿ ಅಲ್ಲ, ಸೆಲ್ಲಿನದ್ದೇ ಮೈಬಿಸಿ. ಆಗ ಬಂದ ಅಂಕಿ ಬೆನ್ನಿಗೆ ಅಂಟುತ್ತದೆ. ನೆತ್ತಿಯ ಮೇಲೆ ಸೂರ್ಯ, ಮೈ ಮಾತ್ರ ತಣ್ಣಗೆ. ಪಾವಗಡದಲ್ಲಿ 13,000 ಎಕರೆಯಲ್ಲಿ 2050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆ. ಅಲ್ಲಿ ಬೇಸಿಗೆಯ ದಿನ 25 ಡಿಗ್ರಿ ಇರುವ ಹೊತ್ತಿಗೆ ಸೂರ್ಯ ಇನ್ನೂ ಹುಟ್ಟಿರುವುದಿಲ್ಲ. ನಮ್ಮ ತಾರಸಿಯಲ್ಲೂ ಏಪ್ರಿಲ್ ಮಧ್ಯಾಹ್ನ ಸೆಲ್ 65 ಡಿಗ್ರಿ ಮುಟ್ಟುವುದು ದೊಡ್ಡ ಮಾತಲ್ಲ. ಡಿಗ್ರಿಗೆ ಸುಮಾರು ಶೇ. 0.35ರಂತೆ ಖೋತಾ ಹಾಕಿದರೆ 540 ಅನ್ನುವುದು 464ಕ್ಕೆ ಬಂದು ನಿಲ್ಲುತ್ತದೆ. ಬಿಸಿಲು ಬೇಕು, ಬಿಸಿ ಕೂಡದು. ಮೂಗು ಇರಲಿ, ನೆಗಡಿ ಬೇಡ ಅಂದ ಹಾಗೆ.

ಆಲಿಕಲ್ಲಿನ ಪರೀಕ್ಷೆಯನ್ನು ಮಾತ್ರ ಒಮ್ಮೆ ಕಣ್ಣಾರೆ ನೋಡಬೇಕೆಂಬ ಆಸೆ ನನಗೆ. 25 ಮಿಲಿಮೀಟರ್ ಅಗಲದ ಮಂಜಿನ ಗುಂಡನ್ನು ಅಚ್ಚಿನಲ್ಲಿ ಮಾಡಿ, ತೂಗಿ, ಬಿರುಕಿಲ್ಲದ್ದನ್ನು ಆರಿಸಿ, ಸೆಕೆಂಡಿಗೆ 23 ಮೀಟರ್ ವೇಗದಲ್ಲಿ ಗಾಜಿಗೆ ಹೊಡೆಯುತ್ತಾರೆ. ಎಲ್ಲೆಂದರಲ್ಲಿ ಅಲ್ಲ, ಗೊತ್ತುಮಾಡಿದ 11 ಜಾಗಕ್ಕೆ. ನಮ್ಮೂರಿನ ಆಲಿಕಲ್ಲಿಗೆ ಈ ಶಿಸ್ತು ಇಲ್ಲ ಅನ್ನುವುದು ಹಾಗಿರಲಿ, ಬಯಲುಸೀಮೆಯ ಮನೆಗಳಿಗೆ ಮೇಲಿನಿಂದ ಬೀಳುವ ವಸ್ತುಗಳಲ್ಲಿ ಆಲಿಕಲ್ಲಿಗೆ ಕೊನೆಯ ಸ್ಥಾನ. ಪಕ್ಕದ ಮನೆಯ ತೆಂಗಿನಮರ ನಮ್ಮ ತಾರಸಿಗೆ ಬಾಗಿದೆ.

"ಕಾಯಿ ಬಿದ್ರೆ ಏನಪ್ಪಾ?" ಎಂದು ಹುಡುಗನನ್ನು ಕೇಳಿದ್ದೆ.

"ಅದಕ್ಕೆ ಟೆಸ್ಟ್ ಇಲ್ಲ ಸರ್."

"ಕೋತಿ?"

"ಕೋತಿ ಓಡಾಡಿದ್ರೆ ಏನಾಗಲ್ಲ ಸರ್. ಕೂತ್ಕೊಂಡು ವೈರ್ ಕಿತ್ರೆ ಆಗುತ್ತೆ."

ತೆಂಗಿನಕಾಯಿ, ಕೋತಿ, ಗಾಳಿಪಟ, ದೀಪಾವಳಿಯ ರಾಕೆಟ್ಟು, ಎದುರು ಮೈದಾನದ ಕ್ರಿಕೆಟ್ ಚೆಂಡು. ಈ ಐದಕ್ಕೂ ಕಾಲಂ ಇರುವ ಒಂದು ಮಾನದಂಡ ನಮಗೆ ಬೇಕು.

ಪಟ್ಟಿಯ ಮಾತೂ ಬರಲಿ. ಮಾನ್ಯತೆ ಪಡೆದ ಮಾಡೆಲ್ಲು ಮತ್ತು ತಯಾರಕರ ಪಟ್ಟಿ ಅಂತ ಕೇಂದ್ರ ಸರ್ಕಾರ 2019ರ ಜನವರಿಯಲ್ಲಿ ಆದೇಶ ಹೊರಡಿಸಿತು. ಪಟ್ಟಿಯಲ್ಲಿಲ್ಲದ ಪ್ಯಾನೆಲ್ಲಿಗೆ ಸರ್ಕಾರಿ ಯೋಜನೆಯಲ್ಲಿ ಜಾಗವಿಲ್ಲ. ಒಳ್ಳೆಯದೇ. 2023-24ರ ಆರ್ಥಿಕ ವರ್ಷಕ್ಕೆ ಅದೇ ಪಟ್ಟಿಗೆ ರಜೆ ಕೊಟ್ಟರು. 2024ರ ಏಪ್ರಿಲ್ 1ಕ್ಕೆ ಪಟ್ಟಿ ಮತ್ತೆ ಡ್ಯೂಟಿಗೆ ಹಾಜರಾಯಿತು. ಗುಣಮಟ್ಟಕ್ಕೂ ಎಲ್‌ಟಿಸಿ ಇರುತ್ತದೆ ಅಂತ ತಿಳಿದದ್ದು ಆಗಲೇ.

ಹೋಗಲಿ, ಪ್ಯಾನೆಲ್ಲುಗಳಂತೂ ಪಾಸಾಗಿ ಬಂದಿವೆ. ಫೇಲಾದವನು ನಾನು.

ಮನೆ ತಾರಸಿಯ ಸೋಲಾರಿಗೆ ಕೇಂದ್ರ ಸರ್ಕಾರ ತಂದ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟಿಗೆ 78,000 ರೂಪಾಯಿ ಸಬ್ಸಿಡಿ. ಅರ್ಜಿ ಹಾಕುವವರ ಹೆಸರೂ ಕರೆಂಟ್ ಬಿಲ್ಲಿನ ಹೆಸರೂ ಒಂದೇ ಇರಬೇಕು. ನಮ್ಮ ಮನೆಯ ಆರ್‌ಆರ್ ನಂಬರು ತಾತನ ಹೆಸರಿನಲ್ಲಿದೆ. ತಾತ ಹೋಗಿ ಎಷ್ಟೋ ವರ್ಷವಾಯಿತು, ಆದರೆ ತಿಂಗಳು ತಿಂಗಳೂ ತಪ್ಪದೆ ಬಿಲ್ಲು ಕಟ್ಟುತ್ತಿದ್ದಾರೆ. ಹೆಸರು ಬದಲಾಯಿಸಲು ಮರಣ ಪ್ರಮಾಣಪತ್ರ ಕೇಳಿದರು, ಕೊಟ್ಟೆ. ಅದರಲ್ಲಿ ತಾತನ ಹೆಸರು 'ಪ್ಪ' ಎಂದು ಮುಗಿಯುತ್ತದೆ, ಬಿಲ್ಲಿನಲ್ಲಿ 'ಯ್ಯ' ಎಂದು. ಸತ್ತವರು ಅಪ್ಪ, ಮೀಟರ್ ಇರುವುದು ಅಯ್ಯನಿಗೆ, ಹಾಗಾಗಿ ಅಯ್ಯ ಇನ್ನೂ ಬದುಕಿದ್ದಾರೆ ಎಂಬುದು ಕೌಂಟರಿನ ತರ್ಕ. ಇಬ್ಬರೂ ಒಬ್ಬರೇ ಅಂತ ಛಾಪಾ ಕಾಗದದ ಮೇಲೆ ಅಫಿಡವಿಟ್, ನಾಡಕಚೇರಿಯಿಂದ ವಂಶವೃಕ್ಷ, ದೊಡ್ಡಮ್ಮ ಚಿಕ್ಕಪ್ಪಂದಿರ ಒಪ್ಪಿಗೆ ಸಹಿ. ಬಿಸಿಲಿನಲ್ಲಿ ಪಾಲು ಕೇಳುವುದಿಲ್ಲ ಎಂದು ಚಿಕ್ಕಪ್ಪನಿಂದ ಬರೆಸಿಕೊಂಡು ಬರಲು ನಾನು ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗಿ ಬಂದೆ. ಮೈನಸ್ 40ರಿಂದ 85ರವರೆಗೆ ಯಾವ ತಾಪಮಾನಕ್ಕೂ ಜಗ್ಗದ ಪ್ಯಾನೆಲ್ಲನ್ನು ಒಂದು ಒತ್ತಕ್ಷರ ತಡೆದು ನಿಲ್ಲಿಸಿತು.

ಈ ನಡುವೆ ಹೋಗುವ ಬರುವ ಕರೆಂಟು ಎರಡನ್ನೂ ಅಳೆಯುವ ಹೊಸ ಮೀಟರು ಕೊಂಡಿದ್ದೆ. ಅದೂ ಟೆಸ್ಟಿಂಗಿಗೆ ಹೋಗಿದೆ. ಅದರ ಅಣ್ಣ ಪಾಸಾಗಿದ್ದರೆ ಸಾಲದಂತೆ, ಇದನ್ನೇ ಪರೀಕ್ಷಿಸಬೇಕಂತೆ.

ಮೊನ್ನೆ ವಿಚಾರಿಸಲು ಹೋದಾಗ ನನ್ನ ಫೈಲು ಕಾಣಿಸಿತು. ಮೇಜಿನ ಮೇಲೆ, ಇತರ ಫೈಲುಗಳ ಅಡಿಯಲ್ಲಿ. ನಾನು ಲೆಕ್ಕವಿಟ್ಟ ಪ್ರಕಾರ 1000 ಗಂಟೆ ಆಗಲೇ ದಾಟಿದೆ. ಪದರ ಬಿಟ್ಟಿಲ್ಲ, ಬಣ್ಣ ತಿರುಗಿಲ್ಲ, ಗುಳ್ಳೆ ಎದ್ದಿಲ್ಲ. "ಸಾಹೇಬ್ರು ಲೀವಲ್ಲಿದಾರೆ, ಸೋಮವಾರ ಬನ್ನಿ" ಅಂದರು.

ಮನೆಗೆ ಬಂದು ತಾರಸಿ ಹತ್ತಿದರೆ ನಾಲ್ಕು ಪ್ಯಾನೆಲ್ಲಿಗೆ ಅಮ್ಮನ ಹಳೆ ಸೀರೆ ಹೊದಿಸಿದೆ, ಅದರ ಮೇಲೆ ಅಕ್ಕಿ ಸಂಡಿಗೆ. ಉಳಿದ ಎರಡರ ಮೇಲೆ ಬಾಳಕದ ಮೆಣಸಿನಕಾಯಿ.

"ಏನಮ್ಮಾ ಇದು?"

"ಏನೋ ನೀನು, ಎರಡು ದಿನದ್ದು ಒಂದೇ ದಿನಕ್ಕೆ ಒಣಗ್ತಿದೆ" ಎಂದಳು ಅಮ್ಮ, ಕಾಗೆ ಓಡಿಸುವ ಕೋಲನ್ನು ನನ್ನ ಕೈಗೆ ಕೊಡುತ್ತಾ. "ಇದಕ್ಕೇನೂ ತಾತನ ಹೆಸರು ಬದಲಾಯಿಸಬೇಕಾಗಿಲ್ಲ ತಾನೆ?"