ಸ್ಪಷ್ಟನೆ: ಎಬಿಸಿ ಖಾತೆ ಇದ್ದರೆ ವಿವಿ ಬದಲಾವಣೆ ತಾನಾಗಿ ಆಗುವುದಿಲ್ಲ

‘ಎಬಿಸಿ ಖಾತೆಯಲ್ಲಿ ಕ್ರೆಡಿಟ್ ಇದ್ದರೆ ಯಾವ ವಿಶ್ವವಿದ್ಯಾಲಯಕ್ಕೆ ಬೇಕಾದರೂ ಯಾವಾಗ ಬೇಕಾದರೂ ಹೋಗಬಹುದು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ. ಎಬಿಸಿ ಎಂದರೆ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್: ಪಾಸಾದ ವಿಷಯಗಳಿಗೆ ಸಿಗುವ ಕ್ರೆಡಿಟ್‌ಗಳನ್ನು (ಓದಿನ ಪ್ರಮಾಣದ ಲೆಕ್ಕ) ಜಮಾ ಇಡುವ ವಿದ್ಯಾರ್ಥಿಯ ಡಿಜಿಟಲ್ ಖಾತೆ.

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2021ರ ನಿಯಮದ ಪ್ರಕಾರ ಎಬಿಸಿ ಕ್ರೆಡಿಟ್‌ಗಳ ದಾಖಲೆ ಇಡುತ್ತದೆ, ವರ್ಗಾವಣೆಗೆ ನೆರವಾಗುತ್ತದೆ, ಸೀಟು ಕೊಡುವುದಿಲ್ಲ. ಸೀಟು ಖಾಲಿ ಇದೆಯೇ, ಯಾವ ಸೆಮಿಸ್ಟರ್‌ಗೆ ಸೇರಿಸಿಕೊಳ್ಳಬೇಕು ಎಂಬುದನ್ನು ಹೊಸ ವಿವಿಯೇ ತೀರ್ಮಾನಿಸುತ್ತದೆ.

ಹೆಚ್ಚಿನವರು ಎಡವುವುದು ಇನ್ನೊಂದು ಷರತ್ತಿನಲ್ಲಿ. ಪದವಿ ಕೊಡುವ ಸಂಸ್ಥೆಯಲ್ಲೇ ಕನಿಷ್ಠ ಶೇ 50 ಕ್ರೆಡಿಟ್ ಗಳಿಸಿರಬೇಕು ಎನ್ನುತ್ತದೆ ಅದೇ ನಿಯಮ. 160 ಕ್ರೆಡಿಟ್‌ಗಳ ಬಿಇಯಲ್ಲಿ ಈಗಾಗಲೇ 100 ಮುಗಿಸಿದವರಿಗೆ ಉಳಿಯುವುದು 60 ಮಾತ್ರ, ಬೇಕಾದದ್ದು 80. ಅಂದರೆ 20 ಕ್ರೆಡಿಟ್‌ನಷ್ಟು ಮತ್ತೆ ಓದಬೇಕು. ಹಾಗಾಗಿ ಮೂರನೇ ವರ್ಷದಲ್ಲಿ ಬದಲಾಯಿಸುವುದು ನಮ್ಮ ಅಭಿಪ್ರಾಯದಲ್ಲಿ ದುಬಾರಿ. ಪಠ್ಯಕ್ರಮ ಹೊಂದದಿದ್ದರೆ ಬಿಟ್ಟುಹೋದ ವಿಷಯಗಳ ಪರೀಕ್ಷೆಯನ್ನೂ ಬರೆಯಬೇಕಾಗಬಹುದು.

ಮೊದಲು ಅಂಕಪಟ್ಟಿ, ದೃಢೀಕರಿಸಿದ ಪಠ್ಯಕ್ರಮದ ಪ್ರತಿ ಕೊಟ್ಟು ಹೊಸ ವಿವಿಯಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಆಮೇಲೆ ಈಗಿನ ಕಾಲೇಜು, ವಿವಿಯಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಟಿಸಿ (ವರ್ಗಾವಣೆ ಪತ್ರ), ಮೈಗ್ರೇಷನ್ ಸರ್ಟಿಫಿಕೇಟ್ (ಬೇರೆ ವಿವಿಗೆ ಹೋಗಲು ಬೇಕಾದ ಪ್ರಮಾಣಪತ್ರ). ದಯವಿಟ್ಟು ಟಿಸಿಯನ್ನು ಮೊದಲೇ ತೆಗೆಯಬೇಡಿ: ಒಪ್ಪಿಗೆ ಸಿಗದಿದ್ದರೆ ಎರಡೂ ಕಡೆ ಸೀಟು ಇಲ್ಲದಂತಾಗುತ್ತದೆ.