ತೊಗಲು ಬದಲಿಸುವ ಚಟ

ಹೋದ ಭಾನುವಾರ ಊಟ ಮುಗಿಸಿ, ಹಳೆಯ ಸಿನಿಮಾ ಒಂದನ್ನು ನೋಡೋಣವೆಂದು ಟಿವಿಯ ಮುಂದೆ ಕುಳಿತೆ. ಸಂಜೆ ಆರಕ್ಕೆ ಎದ್ದಾಗ ಸಿನಿಮಾ ಇನ್ನೂ ಶುರುವಾಗಿರಲಿಲ್ಲ. ಕರೆಂಟು ಹೋಗಿರಲಿಲ್ಲ, ನೆಂಟರು ಬಂದಿರಲಿಲ್ಲ. ಪೋಸ್ಟರಿನ ಕೆಳಗಿರುವ ಹೆಸರು ತುಸು ದಪ್ಪಗಿದ್ದರೆ ಚೆನ್ನ ಎನ್ನಿಸಿತು, ಅಷ್ಟೆ. ಅಕ್ಷರ ದಪ್ಪವಾದ ಮೇಲೆ ಪೋಸ್ಟರು ಬಡಕಲಾಗಿ ಕಂಡಿತು. ಪೋಸ್ಟರನ್ನು ಹಿಗ್ಗಿಸಿದ ಮೇಲೆ ಹಿನ್ನೆಲೆಯ ನೀಲಿ ಕಣ್ಣಿಗೆ ಹೊಡೆಯತೊಡಗಿತು. ಕೌಪೀನವನ್ನು ಇಲಿಯಿಂದ ಉಳಿಸಲು ಬೆಕ್ಕು ಸಾಕಿ, ಬೆಕ್ಕಿನ ಹಾಲಿಗೆ ಹಸು ಸಾಕಿ, ಕೊನೆಗೆ ಸಂಸಾರಿಯಾದ ಸನ್ಯಾಸಿಯ ದಾರಿಯಲ್ಲೇ ನಾನೂ ಹೊರಟಿದ್ದೆ.

ನಮ್ಮ ಹಜಾರದ ಟಿವಿಗೆ ಒಂದು ಹಳೆಯ ಕಂಪ್ಯೂಟರ್ ಜೋಡಿಸಿದ್ದೇನೆ. ಅದರಲ್ಲಿ ಕೋಡಿ ಎಂಬ ತಂತ್ರಾಂಶವಿದೆ. ಹಾರ್ಡ್ ಡಿಸ್ಕಿನಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಿರುವ ಸಿನಿಮಾ, ಹಾಡು, ಮದುವೆಯ ವಿಡಿಯೊಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ತೋರಿಸುವುದು ಅದರ ಕೆಲಸ. ಕನ್ನಡದ ಕಿವಿಗೆ ಕೆರೆ ತುಂಬಿ ಹರಿಯುವ ಕೋಡಿಯ ನೆನಪು ಬಂದರೂ ಆ ಹೆಸರಿಗೂ ನಮ್ಮ ಕೆರೆಗಳಿಗೂ ಸಂಬಂಧವಿಲ್ಲ. ಎಕ್ಸ್‌ಬಾಕ್ಸ್ ಎಂಬ ಆಟದ ಪೆಟ್ಟಿಗೆಯಲ್ಲಿ ಸಿನಿಮಾ ನೋಡಬೇಕೆಂದು ಕೆಲವು ಹವ್ಯಾಸಿಗಳು 2002ರ ಸುಮಾರಿಗೆ ಬರೆದುಕೊಂಡ ತಂತ್ರಾಂಶವಿದು. ಆ ಪೆಟ್ಟಿಗೆಯನ್ನು ಬಿಟ್ಟು ಎಷ್ಟೋ ದೂರ ಬಂದ ಮೇಲೂ ಎಕ್ಸ್‌ಬಿಎಂಸಿ ಎಂಬ ಹಳೆಯ ಹೆಸರನ್ನೇ ಹೊತ್ತಿತ್ತು, 2014ರಲ್ಲಿ ಕೋಡಿಯಾಯಿತು.

ಅದರ ಹೊರನೋಟಕ್ಕೆ ಇಂಗ್ಲಿಷಿನಲ್ಲಿ ಸ್ಕಿನ್ ಎನ್ನುತ್ತಾರೆ. ಚರ್ಮ ಎಂದರೆ ವೈದ್ಯರ ಬೋರ್ಡಿನಂತೆ ಕೇಳುತ್ತದೆ. ನನಗೆ ತೊಗಲು ಎಂಬ ಮಾತೇ ಇಷ್ಟ. ತೊಗಲುಗೊಂಬೆಯಾಟ ನೋಡಿ ಬೆಳೆದ ನಾಡಿನವರಿಗೆ ಇದನ್ನು ವಿವರಿಸಬೇಕಾದ್ದೇನಿದೆ? ಮುಂದೆ ಒಂದು ಪರದೆ, ಹಿಂದೆ ಒಂದು ಬೆಳಕು, ನಡುವೆ ಬಣ್ಣ ಹಚ್ಚಿ ಸಣ್ಣ ತೂತು ಕೊರೆದ ತೊಗಲು. ಕಿಳ್ಳೇಕ್ಯಾತನ ಕುಣಿತ ನೋಡುವವರು ತೊಗಲನ್ನು ಮರೆತು ಕತೆಯಲ್ಲಿ ಮುಳುಗುತ್ತಾರೆ. ನಾನು ಕತೆಯನ್ನು ಮರೆತು ತೊಗಲು ಹದ ಮಾಡುತ್ತ ಕೂರುವವನು.

ಈ ಚಟ ಅಂಟಿದ್ದು ವಿನ್‌ಆಂಪ್ ಕಾಲದಲ್ಲಿ. ಹಾಡು ಕೇಳಿಸುವ ಆ ಪುಟ್ಟ ಕಿಟಕಿಯ ಅಳತೆ ಉದ್ದಕ್ಕೆ 275, ಎತ್ತರಕ್ಕೆ 116 ಚುಕ್ಕಿ. ಬೆಂಕಿಪೊಟ್ಟಣದ ಚೀಟಿಯಷ್ಟು ಜಾಗ. ಅಷ್ಟರೊಳಗೆ ಜನ ಮರದ ರೇಡಿಯೊ, ಅನ್ಯಗ್ರಹದ ಯಂತ್ರ, ಕ್ರಿಕೆಟ್ ಮೈದಾನ ಎಲ್ಲವನ್ನೂ ತುರುಕುತ್ತಿದ್ದರು. ಸೈಬರ್ ಕೆಫೆಯಲ್ಲಿ ಗಂಟೆಗೆ 20 ರೂಪಾಯಿ ತೆತ್ತು, ಫ್ಲಾಪಿಯಲ್ಲಿ ತೊಗಲುಗಳನ್ನು ತುಂಬಿಕೊಂಡು ಬರುತ್ತಿದ್ದೆ. ಮನೆಯಲ್ಲಿದ್ದ ಹಾಡುಗಳು ಹನ್ನೊಂದು, ತೊಗಲುಗಳು ನಲವತ್ತು.

ಕೋಡಿಯಲ್ಲಿ ಈ ಹುಚ್ಚಿಗೆ ಇನ್ನೂ ವಿಶಾಲವಾದ ಬಯಲು ಸಿಕ್ಕಿತು. ಇಲ್ಲಿ ತೊಗಲೆಂದರೆ ಒಂದಷ್ಟು ಚಿತ್ರಗಳು ಮತ್ತು ಎಕ್ಸ್‌ಎಂಎಲ್ ಕಡತಗಳು. ಯಾವ ಗುಂಡಿ ಎಡತುದಿಯಿಂದ ಎಷ್ಟು ಚುಕ್ಕಿ ದೂರ, ಯಾವ ಅಕ್ಷರ ಎಷ್ಟು ಎತ್ತರ ಎಂಬುದೆಲ್ಲ ಅಲ್ಲಿ ಬರಿಯ ಅಂಕಿಗಳಲ್ಲಿದೆ. 40ನ್ನು 60 ಮಾಡಿದರೆ ಮೆನು ಒಂದು ಬೆರಳು ಪಕ್ಕಕ್ಕೆ ಸರಿಯುತ್ತದೆ. ತೆರೆದ ಕೊಂಡಿಯೊಂದನ್ನು ಮುಚ್ಚಲು ಮರೆತರೆ ಆ ಪುಟವೇ ಮೇಲೇಳುವುದಿಲ್ಲ. ಒಮ್ಮೆ ಹಾಗೆ ಮರೆತು, ಯುಗಾದಿಯ ದಿನ ಮನೆ ತುಂಬ ಜನರಿರುವಾಗ ಕಪ್ಪು ಪರದೆ ತೋರಿಸಿದ ಕೀರ್ತಿ ನನ್ನದು.

ಇನ್ನು ಪೋಸ್ಟರುಗಳು. ಕಡತದ ಹೆಸರು ನೋಡಿ, ಅಂತರ್ಜಾಲದ ಭಂಡಾರದಿಂದ ಚಿತ್ರವನ್ನೂ ಕತೆಯನ್ನೂ ತಂತ್ರಾಂಶವೇ ತರುತ್ತದೆ; ಆದರೆ ಹೆಸರಿನ ಪಕ್ಕದಲ್ಲಿ ಇಸವಿ ಬರೆಯಬೇಕು. ನಾನು ಬರೆದಿರಲಿಲ್ಲ. ‘ಗಂಧದ ಗುಡಿ’ ಎಂದಷ್ಟೇ ಹೆಸರಿಟ್ಟ 1973ರ ಸಿನಿಮಾಕ್ಕೆ 2022ರ ‘ಗಂಧದ ಗುಡಿ’ಯ ಪೋಸ್ಟರು ಬಂದು ಕೂತಿತು. ಅಪ್ಪ ರಾಜ್‌ಕುಮಾರ್ ಅರಣ್ಯಾಧಿಕಾರಿಯಾಗಿರುವ ಕಡೆ ಮಗ ಪುನೀತ್ ಕಾಡು ಸುತ್ತುತ್ತಿದ್ದರು. ಸರಿಪಡಿಸಲು ಒಂದು ನಿಮಿಷ ಸಾಕಿತ್ತು; ಎರಡು ವಾರ ಹಾಗೆಯೇ ಬಿಟ್ಟಿದ್ದೆ. ಆ ತಪ್ಪು ಅಷ್ಟೇನೂ ತಪ್ಪಾಗಿ ಕಾಣುತ್ತಿರಲಿಲ್ಲ.

ಕನ್ನಡದಲ್ಲೇ ಹೆಸರುಗಳು ಕಾಣಬೇಕೆಂದು ಒಂದೊಂದು ಸಿನಿಮಾದ ಪಕ್ಕದಲ್ಲೂ ಪುಟ್ಟ ಮಾಹಿತಿ ಕಡತ ಇಟ್ಟು, ರಾತ್ರಿಯೆಲ್ಲ ಕುಳಿತು ಟೈಪ್ ಮಾಡಿದೆ. ಬೆಳಿಗ್ಗೆ ನೋಡಿದರೆ ಹೆಸರಿದ್ದ ಕಡೆಯೆಲ್ಲ ಖಾಲಿ ಚೌಕಗಳು, ಸಾಲಾಗಿ ಜೋಡಿಸಿದ ಕ್ಯಾರಂ ಬೋರ್ಡುಗಳಂತೆ. ನಾನು ಆರಿಸಿದ್ದ ಚಂದದ ತೊಗಲಿನ ಫಾಂಟಿನಲ್ಲಿ ಕನ್ನಡ ಅಕ್ಷರಗಳೇ ಇರಲಿಲ್ಲ. ಫಾಂಟಿನ ಜಾಗದಲ್ಲಿ ನೋಟೊ ಕನ್ನಡವನ್ನು ಕೂರಿಸಿದೆ. ಈಗ ಕನ್ನಡ ಬಂತು, ಆದರೆ ಇಂಗ್ಲಿಷಿನ ಅಳತೆಗೆ ಹೊಲಿದ ಸಾಲಿನಲ್ಲಿ ಒತ್ತಕ್ಷರಗಳಿಗೆ ಕಾಲು ಚಾಚಲು ಜಾಗವಿಲ್ಲ. ‘ಕಸ್ತೂರಿ’ಯ ತಕಾರ ಅರ್ಧಕ್ಕೆ ಕತ್ತರಿಸಿಹೋಯಿತು. ಸಾಲಿನ ಎತ್ತರ ಹೆಚ್ಚಿಸಿದೆ. ಆಗ ಪೋಸ್ಟರು ಬಡಕಲಾಗಿ ಕಂಡಿತು. ಮುಂದಿನದು ಸನ್ಯಾಸಿಯ ಕತೆ.

ಇಷ್ಟೆಲ್ಲ ಅಲಂಕಾರವನ್ನು ನಿಜವಾಗಿ ಬಳಸುವವಳು ಅಮ್ಮ. ಅಪ್ಪ ಕೂಡಿಟ್ಟಿದ್ದ ಕ್ಯಾಸೆಟ್ಟುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿದ್ದೇನೆ. ಅವಳಿಗೆ ಬೇಕಾದದ್ದು ಆ ಹಾಡುಗಳು ಮಾತ್ರ. ಪರದೆಯನ್ನು ಅವಳು ಓದುವುದೇ ಇಲ್ಲ. ಹಳೆಯ ಕ್ಯಾಲೆಂಡರಿನ ಹಿಂಬದಿಯ ಚೂರೊಂದರಲ್ಲಿ ‘ಬಲಕ್ಕೆ ಎರಡು, ಒತ್ತು, ಕೆಳಗೆ ಒಂದು, ಒತ್ತು’ ಎಂದು ಬರೆದು ರಿಮೋಟಿನ ಬೆನ್ನಿಗೆ ಅಂಟಿಸಿಕೊಂಡಿದ್ದಳು. ಕರೆಂಟು ಹೋದರೂ ಸಾಸಿವೆ ಡಬ್ಬಕ್ಕೆ ನೇರವಾಗಿ ಕೈ ಹಾಕುವವಳು ಅವಳು. ಆ ಡಬ್ಬವನ್ನು ಒಂದು ಗೇಣು ಸರಿಸಿದರೂ ಮನೆಯಲ್ಲಿ ವಿಚಾರಣೆ ನಡೆಯುತ್ತದೆ.

ಆಗ ಕೋಡಿಯ ಮೂಲ ತೊಗಲಿನ ಹೆಸರು ಕಾನ್‌ಫ್ಲುಯೆನ್ಸ್, ಅಂದರೆ ಸಂಗಮ. ಅದರಲ್ಲಿ ಮೆನು ಅಡ್ಡಕ್ಕೆ ಹರಿಯುತ್ತಿತ್ತು. 2017ರಲ್ಲಿ ಬಂದ ಹದಿನೇಳನೆಯ ಆವೃತ್ತಿಯಿಂದ ಅದರ ಜಾಗಕ್ಕೆ ಎಸ್ಚುವರಿ ಬಂತು, ಅಂದರೆ ಅಳಿವೆ. ಸಂಗಮದಲ್ಲಿ ಕೂಡಿದ ನದಿ ಅಳಿವೆಯಲ್ಲಿ ಕಡಲಿಗೆ ಸೇರಬೇಕಾದ್ದೇ ಎಂದು ನಾನು ಹೆಸರಿನ ಸೊಗಸಿಗೆ ತಲೆದೂಗುತ್ತ ಆವೃತ್ತಿ ಬದಲಿಸಿದೆ. ಅಳಿವೆಯ ಮೆನು ಎಡಬದಿಯಲ್ಲಿ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಅಮ್ಮ ಬಲಕ್ಕೆ ಎರಡು ಸಲ ಒತ್ತಿ ಎಲ್ಲಿಗೆ ಹೋಗಿ ಮುಟ್ಟಿದಳೋ, ಪಿ.ಬಿ. ಶ್ರೀನಿವಾಸ್ ಕಂಠದ ಬದಲು ನನ್ನ ಗೆಳೆಯನ ಮದುವೆಯ ಓಲಗ ಮೊಳಗಿತು. ಅವಳು ಬೈಯಲಿಲ್ಲ. ಪೆನ್ನು ತಂದು ಚೀಟಿಯಲ್ಲಿ ‘ಬಲಕ್ಕೆ’ ಹೊಡೆದು ‘ಕೆಳಗೆ’ ಎಂದು ಬರೆದಳು. ಬೈದಿದ್ದರೆ ವಾಸಿಯಿತ್ತು.

ಪ್ರಾಯಶ್ಚಿತ್ತವಾಗಿ ಅವಳಿಗೇ ಒಂದು ಪ್ರತ್ಯೇಕ ಖಾತೆ ಮಾಡಿಕೊಟ್ಟೆ. ನನ್ನ ಪ್ರಯೋಗಗಳು ನನ್ನ ಖಾತೆಯಲ್ಲಿರಲಿ ಎಂದು. ಆದರೆ ಖಾತೆ ಆರಿಸುವುದೇ ಒಂದು ಹೊಸ ಮೆಟ್ಟಿಲಾಯಿತು, ಚೀಟಿಗೆ ಇನ್ನೊಂದು ಸಾಲು ಸೇರಿತು. ಒಂದು ವಾರದಲ್ಲಿ ಅದನ್ನೂ ತೆಗೆದೆ.

ಭಾನುವಾರ ಸಂಜೆ, ಅಷ್ಟು ಹೊತ್ತು ತಿದ್ದಿದ ತೊಗಲನ್ನು ಅವಳಿಗೆ ತೋರಿಸಲೇಬೇಕೆನ್ನಿಸಿತು. ದೀಪ ಹಚ್ಚಿ ಬಂದವಳನ್ನು ಕೂರಿಸಿ ಹೊಸದಕ್ಕೆ ಬದಲಿಸಿದೆ. ದೊಡ್ಡ ಕನ್ನಡ ಅಕ್ಷರ, ಕಾಲು ಚಾಚಿದ ಒತ್ತುಗಳು, ಹಿನ್ನೆಲೆಗೆ ತೆಳುವಾದ ಕುಂಕುಮದ ಬಣ್ಣ. ಬದಲಾವಣೆಯನ್ನು ಉಳಿಸಿಕೊಳ್ಳಬೇಕೇ ಎಂದು ಪರದೆಯ ನಡುವೆ ಪ್ರಶ್ನೆ ಮೂಡಿತು. ಹತ್ತು ಸೆಕೆಂಡಿನಲ್ಲಿ ಹೂಂ ಎನ್ನದಿದ್ದರೆ ಅದು ತಾನಾಗಿ ಹಳೆಯದಕ್ಕೆ ಮರಳುತ್ತದೆ.

“ಚೆನ್ನಾಗಿದೆ,” ಎಂದಳು ಅಮ್ಮ. ರಿಮೋಟನ್ನು ತಿರುಗಿಸಿ ಬೆನ್ನಿನ ಚೀಟಿಯನ್ನು ಒಮ್ಮೆ ನೋಡಿಕೊಂಡಳು. ಪೆನ್ನು ಎಲ್ಲಿದೆ ಎಂದು ಕೇಳಿದಳು.

ಆರು, ಐದು, ನಾಲ್ಕು. ನಾನು ಕೈ ಕಟ್ಟಿ ಕುಳಿತೆ. ಪರದೆ ಒಮ್ಮೆ ಮಿಣುಕಿ ಹಳೆಯ ನೀಲಿಗೆ ಮರಳಿತು. ಅವಳು ಪರದೆಯ ಕಡೆ ನೋಡದೆ ಕೆಳಗೆ ಎರಡು ಸಲ ಒತ್ತಿದಳು.